ಕೋರ್ಟು ಬಿಡುಗಡೆ ಕೊಟ್ಟಿದೆ, ಗಂಡ ಕೊಟ್ಟಿಲ್ಲ: ಯಹೂದಿ ಗೆಳತಿಗೆ ನಾನು ಹೇಳಿದ್ದು ತಪ್ಪಾ?

ಹೊಳೆಸಾಲು (ಪ್ರಶ್ನೆ ಹಾಕಿದವರು)

ಎಲ್ಲರಿಗೂ ನಮಸ್ಕಾರ. ನಾನು ಹೊನ್ನಾವರದ ಕಡೆಯವಳು. ಈಗ ಇರುವುದು ನ್ಯೂಜೆರ್ಸಿಯ ಟೀನೆಕ್‌ನಲ್ಲಿ. ಇಲ್ಲಿ ಆರ್ಥಡಾಕ್ಸ್, ಅಂದರೆ ಹಳೆಯ ಕಟ್ಟಳೆ ಬಿಡದ, ಯಹೂದಿಗಳು ಜಾಸ್ತಿ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗೆ ಅವರಿಗೆ ಕೆಲಸ ಮಾಡದ ಪವಿತ್ರ ದಿನ. ಶನಿವಾರ ಬಂತೆಂದರೆ ನಮ್ಮ ಬೀದಿಯಲ್ಲಿ ಕಾರು ಕಮ್ಮಿ, ಮಕ್ಕಳ ಗಾಡಿ ತಳ್ಳಿಕೊಂಡು ನಡೆಯುವವರೇ ಹೆಚ್ಚು. ಆಫೀಸಿನಲ್ಲಿ ನನ್ನ ಪಕ್ಕ ಕೂರುವವಳೂ ಅದೇ ಸಮುದಾಯದವಳು. ಹೆಸರು ಬೇಡ, ಗೆಳತಿ ಅಂತಲೇ ಬರೆಯುತ್ತೇನೆ.

ಅವಳಿಗೆ ಕೋರ್ಟಿನಲ್ಲಿ ಡೈವೋರ್ಸ್ ಆಗಿ ಐದು ವರ್ಷವಾಯಿತು. ಮನೆ, ಮಕ್ಕಳು, ದುಡ್ಡು ಎಲ್ಲ ಇತ್ಯರ್ಥವಾಗಿದೆ. ಮೊನ್ನೆ ಊಟ ಮಾಡುತ್ತಾ, ‘ಇನ್ನೊಂದು ಮದುವೆ ಯೋಚನೆ ಇಲ್ವಾ’ ಅಂದೆ. ‘ನನಗೆ ಈಗಾಗಲೇ ಮದುವೆಯಾಗಿದೆಯಲ್ಲ’ ಅಂದಳು. ತಮಾಷೆ ಅಂದುಕೊಂಡೆ. ಅಲ್ಲ. ಅವರಲ್ಲಿ ‘ಗೆಟ್’ ಅಂತ ಒಂದು ಪತ್ರ ಇದೆಯಂತೆ. ಗಂಡ ತನ್ನ ಇಷ್ಟದಿಂದ ಬರೆಸಿ ಹೆಂಡತಿಯ ಕೈಗೆ ಹಾಕಬೇಕು. ಇವನು ಹಾಕುತ್ತಿಲ್ಲ. ಒಂದು ವರ್ಷ ದುಡ್ಡು ಕೇಳಿದ, ಇನ್ನೊಂದು ವರ್ಷ ಮಕ್ಕಳ ರಜೆಯ ವಿಷಯ ತೆಗೆದ, ಈಗ ಫೋನೇ ಎತ್ತುವುದಿಲ್ಲ.

ನಾನು ತಲೆ ಓಡಿಸದೆ ‘ಒಂದು ಕಾಗದ ತಾನೇ, ಬಿಟ್ಟಾಕು’ ಅಂದುಬಿಟ್ಟೆ. ಅವಳು ಡಬ್ಬಿ ಮುಚ್ಚಿ ಎದ್ದು ಹೋದಳು. ಎರಡು ದಿನದಿಂದ ನಮ್ಮ ಮಾತು ‘ಹಾಯ್’ ಹತ್ತಿರ ನಿಂತಿದೆ.

ನನಗೆ ಅರ್ಥವಾಗದ್ದು ಇಷ್ಟೇ. ಆಫೀಸಿನಲ್ಲಿ ಹೆಂಗಸರ ಸಂಬಳದ ಬಗ್ಗೆ ಮೊದಲು ದನಿ ಎತ್ತಿದವಳು ಇವಳು. ನನಗಿಂತ ದೊಡ್ಡ ಫೆಮಿನಿಸ್ಟ್. ಆ ಒಂದು ಕಾಗದಕ್ಕೆ ಮಾತ್ರ ಯಾಕೆ ಕಟ್ಟುಬಿದ್ದಿದ್ದಾಳೆ?

ಸುಮ್ನೆ ಕೇಳ್ತೀನಿ

ನೀವು ಹೇಳಿದ್ದರಲ್ಲಿ ತಪ್ಪೇನಿದೆ ಮೇಡಂ? ಧರ್ಮವೂ ಬೇಕು, ಸ್ತ್ರೀವಾದವೂ ಬೇಕು ಅಂದರೆ ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ. ಒಂದನ್ನು ಬಿಡಲಿ.

ಖಲ್ಲಾ ಮತ್ತು ಚಟ್ನಿಪುಡಿ

ಹೊಳೆಸಾಲು ಅಕ್ಕ, ನಾನು ಬೆಂಗಳೂರಿನಲ್ಲಿ ಬೆಳೆದ ಯಹೂದಿ. ಬೆನೆ ಇಸ್ರೇಲ್, ಅಂದರೆ ಕೊಂಕಣದ ಕಡೆಯ ಯಹೂದಿಗಳು. ಈಗ ಇಸ್ರೇಲಿನ ಅಶ್ದೋದ್‌ನಲ್ಲಿ ಇದ್ದೇನೆ. ಕನ್ನಡ ಬರೆಯುವುದಕ್ಕೆ ಸಿಗುವುದು ಇದೊಂದೇ ಜಾಗ, ಅದಕ್ಕೇ ಉದ್ದ ಆದರೆ ಕ್ಷಮಿಸಿ.

‘ಬಿಟ್ಟಾಕು’ ಅಂದಿದ್ದು ಅವಳಿಗೆ ಯಾಕೆ ಚುಚ್ಚಿತು ಗೊತ್ತಾ? ಆ ಕಾಗದದ ಹಿಂದೆ ಇರುವುದು ಅವಳೊಬ್ಬಳೇ ಅಲ್ಲ. ಗೆಟ್ ಸಿಗದ ಹೆಂಗಸು ಬೇರೆಯವನ ಜೊತೆ ಮಗು ಮಾಡಿಕೊಂಡರೆ, ನಮ್ಮ ಧರ್ಮಶಾಸ್ತ್ರದ ಪ್ರಕಾರ ಆ ಮಗು ‘ಮಮ್ಜೇರ್’. ಅದು ದೊಡ್ಡದಾದ ಮೇಲೆ ಸಮುದಾಯದೊಳಗೆ ಸಾಮಾನ್ಯವಾಗಿ ಮದುವೆಯಾಗುವ ಹಾಗಿಲ್ಲ. ಅದರ ಮಕ್ಕಳಿಗೂ ಅದೇ ಹಣೆಪಟ್ಟಿ. ಮದುವೆಯಾಗದ ಅಪ್ಪ ಅಮ್ಮನಿಗೆ ಹುಟ್ಟಿದ ಮಗುವಿಗೆ ಈ ಹಣೆಪಟ್ಟಿ ಇಲ್ಲ. ಗಂಡ ಗೆಟ್ ಕೊಡದೆ ಇನ್ನೊಬ್ಬ ಅವಿವಾಹಿತೆಯ ಜೊತೆ ಇದ್ದು ಮಗು ಮಾಡಿಕೊಂಡರೆ ಅದಕ್ಕೂ ಇಲ್ಲ. ಕಟ್ಟು ಇರುವುದು ಹೆಂಗಸಿಗೆ ಮಾತ್ರ.

ಗಂಡಸಿಗೆ ಇನ್ನೊಂದು ಕಿಟಕಿಯೂ ಇದೆ. ಹೆಂಡತಿ ಗೆಟ್ ತಗೊಳ್ಳಲ್ಲ ಅಂತ ಹಟ ಹಿಡಿದರೆ, ನೂರು ರಬ್ಬಿಗಳ, ಅಂದರೆ ನಮ್ಮ ಧರ್ಮಗುರುಗಳ, ಸಹಿ ಹಾಕಿಸಿಕೊಂಡು ಆತ ಇನ್ನೊಂದು ಮದುವೆಯಾಗಬಹುದು. ಹೆಂಗಸಿಗೆ ಸಾವಿರ ಸಹಿ ತಂದರೂ ಆಗುವುದಿಲ್ಲ.

ಹೀಗೆ ಸಿಕ್ಕಿಕೊಂಡವಳನ್ನು ‘ಅಗುನಾ’ ಅನ್ನುತ್ತೇವೆ. ಲಂಗರು ಹಾಕಿ ನಿಲ್ಲಿಸಿದವಳು ಅಂತ ಅರ್ಥ. ಹಿಂದೆ ಹಡಗು ಮುಳುಗಿಯೋ ಯುದ್ಧದಲ್ಲೋ ಗಂಡ ಕಾಣೆಯಾದ ಹೆಂಗಸರಿಗೆ ಈ ಹೆಸರು. ಅಂಥವರನ್ನು ಬಿಡಿಸಲು ರಬ್ಬಿಗಳು ಎಲ್ಲ ಕಾಲದಲ್ಲೂ ಒದ್ದಾಡಿದ್ದಾರೆ. 1968ರಲ್ಲಿ ಇಸ್ರೇಲಿನ ‘ದಕಾರ್’ ಅನ್ನುವ ಸಬ್‌ಮರೀನ್ 69 ಜನರ ಜೊತೆ ಕಾಣೆಯಾಯಿತು. ಅದರ ಅವಶೇಷ ಸಿಕ್ಕಿದ್ದು 1999ರಲ್ಲಿ. ಆದರೆ ಆ ನಾವಿಕರ ಹೆಂಡತಿಯರಿಗೆ ಅಷ್ಟು ವರ್ಷ ಕಾಯುವ ಗತಿ ಬರಲಿಲ್ಲ. ಆಗ ಸೇನೆಯ ರಬ್ಬಿಯಾಗಿದ್ದ ಶ್ಲೋಮೋ ಗೋರೆನ್ ದಾರಿ ಹುಡುಕಿ ಬಿಡುಗಡೆ ಕೊಟ್ಟರು. ನಮ್ಮ ಹೆಂಗಸರ ಸಿಟ್ಟು ಇರುವುದೇ ಇಲ್ಲಿ. ಸಮುದ್ರದ ತಳದಲ್ಲಿರುವ ಗಂಡನಿಂದ ಬಿಡಿಸಲು ದಾರಿ ಇದೆ. ಪಕ್ಕದ ಬೀದಿಯಲ್ಲಿ ಕಾಫಿ ಕುಡಿಯುತ್ತಾ ಕೂತಿರುವ ಗಂಡನಿಂದ ಬಿಡಿಸಲು ದಾರಿ ಇಲ್ಲವಂತೆ.

ಹೊಳೆಸಾಲು

ಅಯ್ಯೋ. ಮಕ್ಕಳ ವಿಷಯ ನನಗೆ ಗೊತ್ತೇ ಇರಲಿಲ್ಲ. ಅವಳಿಗಿನ್ನೂ ಮೂವತ್ತೈದು.

ಕಪ್ಪುಕೋಟು

ಧಾರವಾಡದಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಕಾನೂನಿನ ಕಡೆಯಿಂದ ಒಂದೆರಡು ಮಾತು.

ನಮ್ಮಲ್ಲಿ ಕೋರ್ಟು ಡಿಕ್ರಿ ಕೊಟ್ಟರೆ ಮದುವೆ ಮುರಿಯಿತು, ಗಂಡ ಮುಖ ಊದಿಸಿಕೊಂಡು ಕೂತರೂ ಸರಿ. ಮುಸ್ಲಿಂ ಹೆಣ್ಣುಮಕ್ಕಳಿಗೂ 1939ರ ಕಾಯಿದೆಯಿಂದ ಕೋರ್ಟಿನ ಮೂಲಕ ಬಿಡಿಸಿಕೊಳ್ಳುವ ದಾರಿ ಇದೆ. ಯಹೂದಿ ಧರ್ಮಶಾಸ್ತ್ರದಲ್ಲಿ ಕೋರ್ಟು ಮದುವೆ ಮುರಿಯುವುದಿಲ್ಲ ನೋಡ್ರಿ. ಗಂಡ ಕೊಡಬೇಕು, ಅದೂ ಮನಸ್ಸಿಟ್ಟು. ಹೆದರಿಸಿ ತಗೊಂಡ ಗೆಟ್ ಗೆಟ್ಟೇ ಅಲ್ಲ. ಸುಮಾರು ಸಾವಿರ ವರ್ಷದ ಹಿಂದೆ ರಬ್ಬಿ ಗೆರ್ಶೋಮ್ ಅನ್ನುವವರು, ಹೆಂಡತಿಯ ಒಪ್ಪಿಗೆ ಇಲ್ಲದೆ ಆಕೆಯನ್ನೂ ಬಿಡುವ ಹಾಗಿಲ್ಲ ಅಂತ ಕಟ್ಟಳೆ ಮಾಡಿದರು. ಅದರಿಂದ ಅರ್ಧ ಸರಿಹೋಯಿತು, ಉಳಿದರ್ಧ ಹಾಗೇ ಉಳಿಯಿತು.

12ನೇ ಶತಮಾನದ ಯಹೂದಿ ಧರ್ಮಶಾಸ್ತ್ರಜ್ಞ ಮೈಮೊನಿಡೀಸ್ ಬರೆದದ್ದು ನನ್ನಂಥವನಿಗೆ ಬಹಳ ರುಚಿ. ಗೆಟ್ ಕೊಡಲೇಬೇಕಾದವನು ಒಪ್ಪದಿದ್ದರೆ ‘ಇಷ್ಟ ಇದೆ’ ಅನ್ನುವವರೆಗೆ ಹೊಡೆಸಿ ಅನ್ನುತ್ತಾರೆ. ಹಾಗಾದರೆ ಇಷ್ಟ ಎಲ್ಲಿ ಬಂತು? ಅದಕ್ಕೆ ಅವರ ಉತ್ತರ, ಪ್ರತಿ ಯಹೂದಿಯೂ ಒಳಗೊಳಗೆ ಧರ್ಮದಂತೆ ನಡೆಯಲು ಬಯಸುತ್ತಾನೆ, ಪೆಟ್ಟು ಬರೀ ಅವನ ಕೆಟ್ಟ ಬುದ್ಧಿಯನ್ನು ಓಡಿಸುತ್ತದೆ! ಎಂಥ ವಾದ ಅಂತೀರಿ.

ಇಸ್ರೇಲಿನಲ್ಲಿ ಯಹೂದಿಗಳ ಮದುವೆ, ವಿಚ್ಛೇದನ ಎರಡೂ 1953ರ ಕಾಯಿದೆಯಿಂದ ರಬ್ಬಿಗಳ ನ್ಯಾಯಾಲಯದ ಕೈಯಲ್ಲಿವೆ. ಪೆಟ್ಟಿನ ಬದಲು ಅಲ್ಲಿ 1995ರ ಕಾನೂನು ಇದೆ. ಗೆಟ್ ಕೊಡದವನ ಡ್ರೈವಿಂಗ್ ಲೈಸೆನ್ಸ್ ಕಿತ್ತುಕೊಳ್ಳಬಹುದು, ಬ್ಯಾಂಕ್ ಖಾತೆ ತಡೆಹಿಡಿಯಬಹುದು, ಜೈಲಿಗೂ ಹಾಕಬಹುದು. ಇದಕ್ಕೂ ಮುಂಚೆಯೇ ಒಬ್ಬ ಮಹಾಶಯ 1962ರಲ್ಲಿ ಜೈಲಿಗೆ ಹೋಗಿ, ಗೆಟ್ ಕೊಡದೆ 32 ವರ್ಷ ಕಳೆದು, ಅಲ್ಲೇ ಸತ್ತ. ಹಟಕ್ಕೆ ಮದ್ದಿಲ್ಲ.

ಅಮೆರಿಕದಲ್ಲಿ ನ್ಯೂಯಾರ್ಕ್ ರಾಜ್ಯ 1983ರಲ್ಲೇ ಇದಕ್ಕಾಗಿ ಕಾನೂನು ತಂದಿತು. ಹೊಳೆಸಾಲು ಅವರೇ, ನಿಮ್ಮ ಗೆಳತಿ ಮದುವೆಗೆ ಮುಂಚೆ ಕರಾರು ಏನಾದರೂ ಬರೆಸಿದ್ದರಾ? ಅಲ್ಲಿನ ರಬ್ಬಿಗಳ ನ್ಯಾಯಾಲಯ ‘ಬೆತ್ ದಿನ್ ಆಫ್ ಅಮೆರಿಕ’ದ ಒಂದು ನಮೂನೆ ಇದೆ. ಬೇರೆಯಾದ ದಿನದಿಂದ ಗೆಟ್ ಕೊಡುವವರೆಗೆ ಗಂಡ ದಿನಕ್ಕೆ 150 ಡಾಲರಿನ ಲೆಕ್ಕದಲ್ಲಿ ಹೆಂಡತಿಯ ಖರ್ಚು ಕೊಡಬೇಕು. ಅದಿದ್ದರೆ ಸಾಮಾನ್ಯವಾಗಿ ಯಾರೂ ಜಾಸ್ತಿ ದಿನ ಎಳೆಯುವುದಿಲ್ಲ. ಪ್ರೀತಿ ಇರುವಾಗ ಸಹಿ ಹಾಕಿಸಬೇಕು, ಅಷ್ಟೇ ಕಷ್ಟ.

ಹೊಳೆಸಾಲು

ಕೇಳಿದ್ದೆ ಸರ್. ಬರೆಸಿಲ್ಲ. ‘ಮದುವೆ ಮಂಟಪಕ್ಕೆ ಹೋಗುವಾಗ ಡೈವೋರ್ಸ್ ಮಾತು ಯಾಕೆ’ ಅಂತ ಅತ್ತೆ ಬೇಡ ಅಂದರಂತೆ. ಯಾವ ದೇಶವಾದರೇನು, ಅತ್ತೆ ಅತ್ತೆನೇ.

ಸುಮ್ನೆ ಕೇಳ್ತೀನಿ

ಓದಿದೆ, ಕಷ್ಟ ಅರ್ಥವಾಯಿತು. ಆದರೂ ನನ್ನ ಪ್ರಶ್ನೆ ಹಾಗೇ ಇದೆ. ಯಹೂದಿಗಳಲ್ಲೇ ರಿಫಾರ್ಮ್ ಅನ್ನುವ ಸುಧಾರಣಾವಾದಿ ಪಂಗಡದವರಿಗೆ ಕೋರ್ಟಿನ ಡೈವೋರ್ಸೇ ಸಾಕಂತೆ. ಅಲ್ಲಿಗೆ ಹೋಗಬಹುದಲ್ಲ? ಇನ್ನೊಂದು, ಇವರ ಗಂಡಸರು ದಿನಾ ಬೆಳಿಗ್ಗೆ ‘ನನ್ನನ್ನು ಹೆಣ್ಣಾಗಿ ಮಾಡದ ದೇವರಿಗೆ ವಂದನೆ’ ಅಂತ ಪ್ರಾರ್ಥಿಸುತ್ತಾರಂತೆ. ಇಂಥದ್ದರೊಳಗೆ ಉಳಿಯುವುದು ಯಾಕೆ?

ಖಲ್ಲಾ ಮತ್ತು ಚಟ್ನಿಪುಡಿ

ಆ ಪ್ರಾರ್ಥನೆ ನಿಜ ಸರ್. ಹೆಂಗಸರು ಅದೇ ಜಾಗದಲ್ಲಿ ‘ತನ್ನ ಇಷ್ಟದಂತೆ ನನ್ನನ್ನು ಮಾಡಿದವನಿಗೆ’ ಅನ್ನುತ್ತಾರೆ. ರಿಫಾರ್ಮ್ ಮತ್ತು ನಡುದಾರಿಯ ಕನ್ಸರ್ವೇಟಿವ್ ಪಂಗಡದವರು ಆ ಸಾಲನ್ನು ಬದಲಿಸಿ ಬಹಳ ಕಾಲವಾಯಿತು. ನಮ್ಮಮ್ಮ ಮಾತ್ರ ಹಳೆಯದನ್ನೇ ಹೇಳುತ್ತಾಳೆ. ‘ನಿಮ್ಮಪ್ಪ ನೆಗೆಟಿವ್ ಆಗಿ ಹೇಳ್ತಾರೆ, ನಾನು ಪಾಸಿಟಿವ್ ಆಗಿ ಹೇಳ್ತೀನಿ’ ಅನ್ನುತ್ತಾಳೆ. ವಾದ ಗೆಲ್ಲುವುದರಲ್ಲಿ ಅವಳು ಮೈಮೊನಿಡೀಸ್‌ಗೆ ಕಮ್ಮಿ ಇಲ್ಲ.

ಬಿಟ್ಟು ಹೋಗುವ ಮಾತಿಗೆ ನಮ್ಮ ಸಮುದಾಯದ ಕಥೆಯನ್ನೇ ಹೇಳುತ್ತೇನೆ. ಬೆನೆ ಇಸ್ರೇಲಿಗಳು ಭಾರತದಿಂದ ಇಲ್ಲಿಗೆ ಬಂದ ಮೇಲೆ, 1960ರ ದಶಕದ ಶುರುವಿನಲ್ಲಿ ಇಲ್ಲಿನ ರಬ್ಬಿಗಳು ಒಂದು ತಕರಾರು ಎತ್ತಿದರು. ಕೊಂಕಣದ ಹಳ್ಳಿಗಳಲ್ಲಿ ನಿಮ್ಮ ಅಜ್ಜಿ ಮುತ್ತಜ್ಜಿಯರ ಗೆಟ್ ಶಾಸ್ತ್ರದ ಪ್ರಕಾರ ಆಗಿತ್ತಾ? ಆಗಿರದಿದ್ದರೆ ನಿಮ್ಮಲ್ಲಿ ಮಮ್ಜೇರ್ ಇರಬಹುದಲ್ಲ? ಹಾಗಂತ ನಮ್ಮವರು ಬೇರೆ ಯಹೂದಿಗಳನ್ನು ಮದುವೆಯಾಗಲು ಬಂದರೆ ವಂಶದ ತನಿಖೆ ಮಾಡಬೇಕು ಅಂತ ಸುತ್ತೋಲೆ ಹೊರಟಿತು. ಎರಡು ಸಾವಿರ ವರ್ಷ ಶನಿವಾರ ಗಾಣ ನಿಲ್ಲಿಸಿ ‘ಶನಿವಾರ್ ತೇಲಿ’ (ಶನಿವಾರದ ಗಾಣಿಗರು) ಅಂತ ಹೆಸರು ಪಡೆದವರು ನಾವು ಅಂತ ಅಜ್ಜ ಹೇಳುತ್ತಿದ್ದರು. ಅಂಥವರನ್ನು ಹೀಗೆ ಕೇಳಿದರು. ನಮ್ಮವರು ಜೆರುಸಲೇಮಿನ ಬೀದಿಯಲ್ಲಿ ಧರಣಿ ಕೂತರು. ಕಡೆಗೆ 1964ರಲ್ಲಿ ಪಾರ್ಲಿಮೆಂಟೇ, ಇವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಅಂತ ಹೇಳಬೇಕಾಯಿತು.

ನೋಡಿ, ಯಾವಳೋ ಮುತ್ತಜ್ಜಿಗೆ ಯಾವನೋ ಕೊಡದ ಒಂದು ಪತ್ರದ ಅನುಮಾನ ಒಂದಿಡೀ ಜನಾಂಗದ ಕುತ್ತಿಗೆಗೆ ಬಂತು. ಹೊಳೆಸಾಲು ಅಕ್ಕನ ಗೆಳತಿ ರಿಫಾರ್ಮ್‌ಗೆ ಹೋಗಬಹುದು, ಅಲ್ಲಿ ಒಳ್ಳೆಯ ಜನ ಇದ್ದಾರೆ. ಆದರೆ ಅವಳ ಅಪ್ಪ ಅಮ್ಮ, ಮಕ್ಕಳ ಶಾಲೆ, ಶುಕ್ರವಾರದ ಊಟದ ಮೇಜು ಎಲ್ಲ ಇರುವುದು ಈ ಕಡೆ. ತಪ್ಪು ಮಾಡಿದವನು ಅವನು, ಮನೆ ಬಿಡಬೇಕಾದವಳು ಇವಳಾ?

ಬ್ಲೂ ಗ್ರೀನ್‌ಬರ್ಗ್ ಅಂತ ಒಬ್ಬರಿದ್ದಾರೆ, ಆರ್ಥಡಾಕ್ಸ್ ಸ್ತ್ರೀವಾದಿಗಳ ಸಂಘ ‘ಜೋಫಾ’ವನ್ನು 1997ರಲ್ಲಿ ಕಟ್ಟಿದವರು. ರಬ್ಬಿಗಳಿಗೆ ಮನಸ್ಸಿದ್ದರೆ ಶಾಸ್ತ್ರದಲ್ಲಿ ದಾರಿ ಇದ್ದೇ ಇರುತ್ತದೆ ಅನ್ನುವುದು ಅವರ ವಾದ. ನಾನೂ ಅದೇ ಪಕ್ಷ.

ಕುಡ್ಲದ ಸಿಸ್ಟರ್

ನಾನು ಕೂಡ ಸ್ವಲ್ಪ ಬರೆಯುತ್ತೇನೆ ಮಾರಾಯ್ರೇ. ಜೆರುಸಲೇಮಿನಲ್ಲಿ ಕೇರ್‌ಗಿವರ್ ಆಗಿ ಒಂಬತ್ತು ವರ್ಷ. ನಮ್ಮ ಮಂಗಳೂರು ಉಡುಪಿ ಕಡೆಯವರು ಇಲ್ಲಿ ತುಂಬ ಜನ ಉಂಟು. ನಾನು ನೋಡಿಕೊಳ್ಳುವ ಅಜ್ಜಿಗೆ 87. ‘ಸಾವ್ತಾ’ ಅಂತ ಕರೆಯುತ್ತೇನೆ, ಹೀಬ್ರೂವಿನಲ್ಲಿ ಅಜ್ಜಿ ಅಂತ.

ಶುಕ್ರವಾರ ಸೂರ್ಯ ಮುಳುಗಲು 40 ನಿಮಿಷ ಇರುವಾಗ ಊರಿಗೆಲ್ಲ ಕೇಳುವ ಹಾಗೆ ಸೈರನ್ ಕೂಗುತ್ತದೆ. ಸಾವ್ತಾ ದೀಪ ಹಚ್ಚಿ, ಕೈಯಿಂದ ಮೂರು ಸಲ ಬೆಳಕನ್ನು ಎಳೆದುಕೊಂಡು, ಕಣ್ಣು ಮುಚ್ಚುತ್ತಾರೆ. ನನಗೆ ನಮ್ಮ ಮನೆಯ ಆಲ್ತಾರ್ ನೆನಪಾಗುತ್ತದೆ. ಅಲ್ಲಿಂದ ಮುಂದೆ ಸ್ವಿಚ್ ಮುಟ್ಟುವ ಹಾಗಿಲ್ಲ. ಲೈಟ್ ಹಾಕು ಅಂತ ನನಗೆ ಹೇಳುವ ಹಾಗೂ ಇಲ್ಲ. ‘ಈ ಕೋಣೆ ಯಾಕೋ ಕತ್ತಲೆ ಅಲ್ವಾ’ ಅನ್ನುತ್ತಾರೆ. ನಾನು ಹೋಗಿ ಹಾಕುತ್ತೇನೆ. ಇಬ್ಬರೂ ನಗುವುದಿಲ್ಲ. ನಗಬಾರದು.

ಇವರ ಮೊಮ್ಮಗಳು ಪ್ರತಿ ಹೀಬ್ರೂ ತಿಂಗಳ ಮೊದಲ ದಿನ ಯಹೂದಿಗಳ ಪವಿತ್ರ ಜಾಗವಾದ ಪಶ್ಚಿಮ ಗೋಡೆಯ ಹತ್ತಿರ ಹೋಗುತ್ತಾಳೆ, ‘ವಿಮೆನ್ ಆಫ್ ದಿ ವಾಲ್’ ಗುಂಪಿನ ಜೊತೆ. ಗಂಡಸರ ಹಾಗೆ ಪ್ರಾರ್ಥನೆ ಶಾಲು ಹೊದ್ದು, ಜೋರಾಗಿ ತೋರಾ, ಅಂದರೆ ಅವರ ಧರ್ಮಗ್ರಂಥ, ಓದಬೇಕು ಅಂತ. 1988ರಿಂದ ಈ ಹೆಂಗಸರು ಹೋಗುತ್ತಿದ್ದಾರಂತೆ. ಮೊದಲೆಲ್ಲ ಶಾಲು ಹೊದ್ದದ್ದಕ್ಕೆ ಪೊಲೀಸರು ಹಿಡಿಯುತ್ತಿದ್ದರು. 2013ರಲ್ಲಿ ಕೋರ್ಟು, ಇದು ತಪ್ಪಲ್ಲ ಅಂತು. 2016ರಲ್ಲಿ ಸರ್ಕಾರ ಗಂಡಸರೂ ಹೆಂಗಸರೂ ಒಟ್ಟಿಗೆ ಪ್ರಾರ್ಥಿಸಲು ಬೇರೆ ಜಾಗ ಸರಿಮಾಡಿ ಕೊಡುತ್ತೇವೆ ಅಂತ ಒಪ್ಪಿತು, 2017ರಲ್ಲಿ ಅದನ್ನು ನಿಲ್ಲಿಸಿಬಿಟ್ಟಿತು. ಮೊಮ್ಮಗಳು ಹೋದ ದಿನ ಎದುರಿನವರು ಸೀಟಿ ಊದುತ್ತಾರೆ, ಬೈಯುತ್ತಾರೆ. ಎದುರಿನವರಲ್ಲಿ ಹುಡುಗಿಯರೂ ಇರುತ್ತಾರೆ.

ಸಾವ್ತಾಗೆ ಇದು ಸ್ವಲ್ಪವೂ ಸರಿಬರುವುದಿಲ್ಲ. ‘ನಾನು ಎಂಬತ್ತು ವರ್ಷ ಮನಸ್ಸಿನಲ್ಲೇ ಪ್ರಾರ್ಥಿಸಿದೆ, ದೇವರಿಗೆ ಕೇಳಿಸಲಿಲ್ಲವಾ’ ಅಂತ ಬೈಯುತ್ತಾರೆ. ಬೈಯುತ್ತಾ ಬೈಯುತ್ತಾ ಆ ಶಾಲಿಗೆ ಇಸ್ತ್ರಿ ಹಾಕುವುದು ಅವರೇ. ನನಗೆ ಕೊಡುವುದಿಲ್ಲ. ಅಂಚಿನ ದಾರ ಸುಟ್ಟುಹೋದೀತು ಅಂತ ಹೆದರಿಕೆ.

ಮಲೆನಾಡ ಮಳೆ

ಆ ಇಸ್ತ್ರಿಯ ಸಾಲು ಓದಿ ಸುಮ್ನೆ ಕೂತುಬಿಟ್ಟೆ ಸಿಸ್ಟರ್.

ಶಿವಮೊಗ್ಗದವಳಾಗಿ ಒಂದು ಸೇರಿಸಲೇಬೇಕು. ಡಾ. ಜೆರೂಶಾ ಝಿರಾಡ್ ಹೆಸರು ಕೇಳಿದ್ದೀರಾ? ಬೆನೆ ಇಸ್ರೇಲ್ ಮನೆತನದವರು, ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ, 19ನೇ ಶತಮಾನದ ಕೊನೆಯಲ್ಲಿ. ಮುಂಬೈಯಲ್ಲಿ ಡಾಕ್ಟರಿಕೆ ಓದಿ, ಲಂಡನ್‌ಗೆ ಹೋಗಿ ಹೆರಿಗೆ ಶಾಸ್ತ್ರದಲ್ಲಿ ಎಂ.ಡಿ. ಮಾಡಿದರು. ಮುಂಬೈಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದರು. 1966ರಲ್ಲಿ ಪದ್ಮಶ್ರೀ ಬಂತು.

ಅಷ್ಟೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಲಂಡನ್‌ನಲ್ಲಿ ಅವರು ಲಿಲಿ ಮಾಂಟೆಗು ಅವರ ಪ್ರಗತಿಪರ ಯಹೂದಿ ಚಳವಳಿಯನ್ನು ಹತ್ತಿರದಿಂದ ನೋಡಿದರು. ಮಾಂಟೆಗು 1918ರಲ್ಲೇ ಸಿನಗಾಗಿನಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರ) ನಿಂತು ಪ್ರವಚನ ಮಾಡಿದ ಹೆಂಗಸು. ಝಿರಾಡ್ 1925ರಲ್ಲಿ ಮುಂಬೈಯಲ್ಲಿ ಅದೇ ಹಾದಿಯ ‘ಜೂಯಿಶ್ ರಿಲಿಜಿಯಸ್ ಯೂನಿಯನ್’ ಶುರುಮಾಡಿದರು. ನೂರು ವರ್ಷದ ಹಿಂದೆ, ಶಿವಮೊಗ್ಗದಲ್ಲಿ ಹುಟ್ಟಿದ ಒಬ್ಬ ಹೆರಿಗೆ ಡಾಕ್ಟರು! ನಮ್ಮೂರಲ್ಲಿ ಇದು ಎಷ್ಟು ಜನಕ್ಕೆ ಗೊತ್ತು?

ಖಲ್ಲಾ ಅವರಿಗೆ ಒಂದು ಪ್ರಶ್ನೆ. ನಮ್ಮಜ್ಜಿ ಮನೆಯಲ್ಲಿ ಮುಟ್ಟಾದರೆ ಮೂರು ದಿನ ಹಿತ್ತಲ ಕೋಣೆ. ತಟ್ಟೆ ಬೇರೆ, ಚಾಪೆ ಬೇರೆ. ನಿಮ್ಮಲ್ಲೂ ಹಾಗೇನಾ?

ಖಲ್ಲಾ ಮತ್ತು ಚಟ್ನಿಪುಡಿ

ಝಿರಾಡ್ ಹೆಸರು ನಮ್ಮ ಮನೆಯಲ್ಲಿ ದೇವರ ಹೆಸರಿನ ಪಕ್ಕಕ್ಕೇ ಬರುತ್ತಿತ್ತು! ಥ್ಯಾಂಕ್ಯೂ.

ಹಿತ್ತಲ ಕೋಣೆ ಇಲ್ಲ. ಅಡುಗೆ ಮಾಡಬಹುದು, ಪ್ರಾರ್ಥಿಸಬಹುದು. ಗಂಡನ ಜೊತೆ ಮಾತ್ರ ಮೈಮುಟ್ಟುವ ಹಾಗಿಲ್ಲ. ಮುಟ್ಟು ನಿಂತ ಮೇಲೂ ಏಳು ದಿನ ಎಣಿಸಿ, ಆಮೇಲೆ ‘ಮಿಕ್ವೆ’ ಅನ್ನುವ ಕೊಳದಲ್ಲಿ ಮುಳುಗು ಹಾಕಬೇಕು. ಉಗುರಿನ ಬಣ್ಣ, ಓಲೆ, ಒಂದು ದಾರದ ಎಳೆಯೂ ಮೈಮೇಲೆ ಇರಬಾರದು. ಪಕ್ಕದಲ್ಲಿ ನಿಂತ ಹೆಂಗಸು, ತಲೆಕೂದಲೂ ಪೂರ್ತಿ ಮುಳುಗಿದರೆ ‘ಕಾಶೆರ್’, ಅಂದರೆ ಶಾಸ್ತ್ರಕ್ಕೆ ಸರಿ, ಅನ್ನುತ್ತಾಳೆ. ನನಗೆ ಅದು ಇಷ್ಟವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ತಿಂಗಳಿಗೊಮ್ಮೆ ಯಾರೂ ಕರೆಯದ ಅರ್ಧ ಗಂಟೆ. ನನ್ನ ತಂಗಿಗೆ ಆ ಬಾಗಿಲು ಕಂಡರೇ ಆಗುವುದಿಲ್ಲ. ಇಬ್ಬರೂ ಫೆಮಿನಿಸ್ಟರೇ.

ಸಿಟ್ಟು ಬರುತ್ತಿದ್ದದ್ದು ಇನ್ನೊಂದಕ್ಕೆ. ಬಟ್ಟೆಯ ಮೇಲೆ ರಕ್ತದ ಕಲೆ ಕಂಡರೆ ಅದು ಮುಟ್ಟಿನ ಲೆಕ್ಕಕ್ಕೆ ಬರುತ್ತದಾ ಅಂತ ರಬ್ಬಿಯನ್ನು ಕೇಳಬೇಕು. ನಮ್ಮಮ್ಮನ ಕಾಲದಲ್ಲಿ ಬಟ್ಟೆಯ ಚೂರನ್ನು ಲಕೋಟೆಗೆ ಹಾಕಿ ಗಂಡನ ಕೈಯಲ್ಲಿ ಕಳಿಸುತ್ತಿದ್ದರು. ನಾಚಿಕೆಗೆ ಎಷ್ಟೋ ಜನ ಕೇಳುತ್ತಲೇ ಇರಲಿಲ್ಲ. 1999ರ ಹೊತ್ತಿಗೆ ಜೆರುಸಲೇಮಿನ ‘ನಿಶ್ಮತ್’ ಅನ್ನುವ ಹೆಂಗಸರ ಕಾಲೇಜು ಇದೇ ವಿಷಯದಲ್ಲಿ ಹೆಂಗಸರನ್ನೇ ತರಬೇತು ಮಾಡಿ ಹೊರಗೆ ಬಿಟ್ಟಿತು. ‘ಯೋಏತ್ಸೆತ್’ ಅಂತಾರೆ, ಸಲಹೆಗಾರ್ತಿ ಅಂತ ಅರ್ಥ. ಈಗ ರಾತ್ರಿ ಹತ್ತಕ್ಕೆ ಫೋನ್ ಮಾಡಿದರೆ ಆ ಕಡೆ ಹೆಣ್ಣಿನ ದನಿ. ಯಾವ ಘೋಷಣೆ ಕೂಗಿಯೂ ನಮ್ಮ ಅಡುಗೆಮನೆಗೆ ಬರದ ಬದಲಾವಣೆ ಆ ಒಂದು ಫೋನ್ ನಂಬರಿನಿಂದ ಬಂತು.

ಇದೇ ಮಿಕ್ವೆ ಅಸ್ತ್ರವೂ ಆಯಿತು. 2024ರಲ್ಲಿ ನ್ಯೂಯಾರ್ಕ್ ರಾಜ್ಯದ ಕಿರಿಯಾಸ್ ಜೋಯೆಲ್‌ನ ಒಬ್ಬಳಿಗೆ ಗೆಟ್ ಸಿಗದಿದ್ದಾಗ, ಶುಕ್ರವಾರ ರಾತ್ರಿ ಮಿಕ್ವೆಗೆ ಹೋಗಬೇಡಿ ಅಂತ ಹೆಂಗಸರಿಗೆ ಕರೆ ಹೋಯಿತು. ಮಿಕ್ವೆಗೆ ಹೋಗಲಿಲ್ಲ ಅಂದರೆ ಗಂಡನಿಗೆ ಏನಿಲ್ಲ ಅಂತ ಬಿಡಿಸಿ ಹೇಳಬೇಕಾ? ಬೈಗುಳವೂ ಬಂತು, ಬೆಂಬಲವೂ ಬಂತು. ಅಲ್ಲಿಯವರೆಗೆ ಗೆಟ್ ಪದ ಕೇಳದವರಿಗೂ ವಿಷಯ ಗೊತ್ತಾಯಿತು.

ಸುಮ್ನೆ ಕೇಳ್ತೀನಿ ಸರ್‌ಗೆ ಇನ್ನೊಂದು ಹೆಸರು ಹೇಳಬೇಕು. ರೆಗಿನಾ ಯೋನಾಸ್, ಬರ್ಲಿನ್ನವರು. ಹೆಂಗಸು ರಬ್ಬಿ ಆಗಬಹುದಾ ಅಂತ ಧರ್ಮಶಾಸ್ತ್ರವನ್ನೇ ಹಿಡಿದು ಪ್ರಬಂಧ ಬರೆದರು. ಶಾಸ್ತ್ರ ಬಿಡಿ ಅನ್ನಲಿಲ್ಲ. ಶಾಸ್ತ್ರದಲ್ಲಿ ಅಡ್ಡಿ ಇಲ್ಲ ಅಂದರು. 1935ರಲ್ಲಿ ರಬ್ಬಿ ಆದರು. 1944ರಲ್ಲಿ ನಾಜಿಗಳು ಅವರನ್ನು ಆಶ್ವಿಟ್ಜ್‌ನಲ್ಲಿ ಕೊಂದರು. 1972ರಲ್ಲಿ ಅಮೆರಿಕದ ಸ್ಯಾಲಿ ಪ್ರೀಸಾಂಡ್ ರಬ್ಬಿ ಆದಾಗ ಜಗತ್ತೆಲ್ಲ ‘ಮೊದಲ ಹೆಂಗಸು’ ಅಂತ ಬರೆಯಿತು. ಯೋನಾಸ್ ಅವರ ಕಾಗದಪತ್ರ ಬರ್ಲಿನ್ ಗೋಡೆ ಬಿದ್ದ ಮೇಲೆ, 1991ರಲ್ಲಿ, ಪೂರ್ವ ಬರ್ಲಿನ್ನಿನ ದಾಖಲೆ ಕೋಣೆಯಲ್ಲಿ ಸಿಕ್ಕಿತು. ಅಷ್ಟು ವರ್ಷ ಅವರ ಬಗ್ಗೆ ಬಾಯಿ ಬಿಟ್ಟವರು ತೀರಾ ಕಮ್ಮಿ.

ತೊಟ್ಟಿಮನೆ

ಕೊಚ್ಚಿಯ ಪರದೇಶಿ ಸಿನಗಾಗ್ ನೋಡಿದ್ದೇನೆ. ಎಲ್ಲರೂ ಕೆಳಗಿನ ನೀಲಿ ಚೀನಿ ಹಾಸುಬಿಲ್ಲೆಗಳ ಫೋಟೋ ತೆಗೆಯುತ್ತಾರೆ. ಮೇಲೆ ಹೆಂಗಸರ ಜಾಗ, ಅದರ ಮುಂದೆಯೇ ತೋರಾ ಓದುವ ಇನ್ನೊಂದು ಕಟ್ಟೆ ಇದೆ. ಕೇರಳದ ಸಿನಗಾಗುಗಳ ವಿಶೇಷವೇ ಅದಂತೆ. ಅಲ್ಲಿನ ಯಹೂದಿ ಹೆಂಗಸರು ಮಲಯಾಳದಲ್ಲಿ ಹಾಡು ಕಟ್ಟಿ ನೋಟ್‌ಬುಕ್ಕಿನಲ್ಲಿ ಬರೆದು ಮಗಳಿಂದ ಮೊಮ್ಮಗಳಿಗೆ ದಾಟಿಸಿದ್ದಾರೆ. ಬೇರೆ ಕಡೆ ಹೆಂಗಸಿನ ಹಾಡು ಗಂಡಸಿನ ಕಿವಿಗೆ ಬೀಳಬಾರದು ಅನ್ನುವ ಕಟ್ಟಳೆ ಇದೆ. ಇಲ್ಲಿ ಗಂಡಸರ ಎದುರೇ ಹಾಡುತ್ತಿದ್ದರು.

ಖಲ್ಲಾ ಮತ್ತು ಚಟ್ನಿಪುಡಿ

ಹೌದು. ಈಗ ಆ ಹಾಡು ಬರುವ ಅಜ್ಜಿಯರು ಇಲ್ಲಿ ಇಸ್ರೇಲಿನಲ್ಲೇ ಇದ್ದಾರೆ, ಬೆರಳೆಣಿಕೆಯಷ್ಟು.

ಸುಮ್ನೆ ಕೇಳ್ತೀನಿ

ಒಪ್ಪಿದೆ, ಎರಡು ದೋಣಿ ಮಾತು ವಾಪಸ್. ಆದರೆ ಇಷ್ಟು ಹಕ್ಕಿನ ಮಾತಾಡುವವರು ಗಾಜಾ ಬಗ್ಗೆ ಏನಂತಾರೆ?

ನಿರ್ವಾಹಕಿ

ಯುದ್ಧದ ಚರ್ಚೆಗೆ ಬೇರೆ ಎಳೆ ಇದೆ. ಖಲ್ಲಾ ಅವರು ಬೇಕಿದ್ದರೆ ಒಂದು ಸಲ ಉತ್ತರ ಕೊಡಬಹುದು. ಆಮೇಲೆ ಯಾರೂ ಇಲ್ಲಿ ಮುಂದುವರಿಸುವುದು ಬೇಡ.

ಖಲ್ಲಾ ಮತ್ತು ಚಟ್ನಿಪುಡಿ

ಕೊಡುತ್ತೇನೆ. ಯಹೂದಿ ಹೆಂಗಸರಲ್ಲಿ ಇದಕ್ಕೆ ಒಂದೇ ದನಿ ಇಲ್ಲ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ನಡೆದ ಅತ್ಯಾಚಾರಗಳ ಬಗ್ಗೆ ಜಗತ್ತಿನ ಮಹಿಳಾ ಸಂಘಟನೆಗಳು ಎಷ್ಟೋ ದಿನ ಬಾಯಿ ಬಿಡಲಿಲ್ಲ ಅನ್ನುವ ನೋವು ಇಲ್ಲಿ ಆಳವಾಗಿದೆ. ಗಾಜಾ ಗಡಿಯ ಹತ್ತಿರ ನಹಾಲ್ ಓಜ್ ಸೇನಾ ನೆಲೆಯಲ್ಲಿ ಪರದೆ ನೋಡುತ್ತಾ ಕಾಯುತ್ತಿದ್ದ ಸೈನಿಕ ಹುಡುಗಿಯರು ಏನೋ ನಡೆಯುತ್ತಿದೆ ಅಂತ ಮೊದಲೇ ಹೇಳಿದ್ದರು. ಯಾರೂ ಕಿವಿಗೊಡಲಿಲ್ಲ. ಹುಡುಗರು ಹೇಳಿದ್ದರೆ ಕೇಳುತ್ತಿದ್ದರಾ ಅಂತ ಆ ಹುಡುಗಿಯರ ತಾಯಂದಿರು ಕೇಳುತ್ತಿದ್ದಾರೆ. ಇನ್ನೊಂದು ಕಡೆ, ಟೆಲ್ ಅವೀವ್‌ನಲ್ಲಿ ಸತ್ತ ಗಾಜಾ ಮಕ್ಕಳ ಫೋಟೋ ಹಿಡಿದು ಮಾತಿಲ್ಲದೆ ನಿಲ್ಲುವವರಲ್ಲೂ ಯಹೂದಿ ಹೆಂಗಸರಿದ್ದಾರೆ. ಎರಡಕ್ಕೂ ಅಳುವವರನ್ನು ನಾನು ಬಲ್ಲೆ. ಅವರಿಗೆ ಎರಡೂ ಕಡೆ ಬೈಗುಳ.

‘ವಿಮೆನ್ ವೇಜ್ ಪೀಸ್’ ಅಂತ 2014ರಲ್ಲಿ ಶುರುವಾದ ಗುಂಪು ಇದೆ. 2023ರ ಅಕ್ಟೋಬರ್ 4ರಂದು ಪ್ಯಾಲೆಸ್ಟೀನಿ ಹೆಂಗಸರ ಗುಂಪಿನ ಜೊತೆ ಸೇರಿ, ಮಾತುಕತೆಗೆ ಕೂರಿ ಅಂತ ದೊಡ್ಡ ಸಭೆ ಮಾಡಿದರು. ಆ ಗುಂಪನ್ನು ಕಟ್ಟಿದವರಲ್ಲಿ ಒಬ್ಬರು ವಿವಿಯನ್ ಸಿಲ್ವರ್. ಮೂರು ದಿನದ ಮೇಲೆ ಆ ದಾಳಿಯಲ್ಲೇ, ಬೇರಿ ಅನ್ನುವ ಸಾಮೂಹಿಕ ಹಳ್ಳಿಯ ಮನೆಯಲ್ಲಿ, ಅವರನ್ನು ಕೊಂದರು. ಆ ಗುಂಪು ಇನ್ನೂ ಸೇರುತ್ತದೆ. ನನ್ನ ಉತ್ತರ ಇಷ್ಟೇ.

ಹೊಳೆಸಾಲು

ಖಲ್ಲಾ, ಕೇಳಬಹುದಾ ಗೊತ್ತಿಲ್ಲ. ಗೆಟ್ ಕೊಡುವಾಗ ನಿಜವಾಗಿ ಏನಾಗುತ್ತದೆ? ಅವಳು ಯಾವತ್ತಾದರೂ ಜೊತೆಗೆ ಬಾ ಅಂದರೆ ನನಗೆ ಗೊತ್ತಿರಲಿ ಅಂತ.

ಖಲ್ಲಾ ಮತ್ತು ಚಟ್ನಿಪುಡಿ

ಕೇಳಿ ಅಕ್ಕ, ನನಗೇ ಆಗಿದೆ. ಹದಿನಾಲ್ಕು ತಿಂಗಳು ಎಳೆದ. ಕಾರು ಬಿಟ್ಟುಕೊಟ್ಟ ಮೇಲೆ ಒಪ್ಪಿದ.

ಸಣ್ಣ ಕೋಣೆ. ಮೂವರು ರಬ್ಬಿಗಳು, ಇಬ್ಬರು ಸಾಕ್ಷಿಗಳು, ಒಬ್ಬ ಲಿಪಿಕಾರ. ಪತ್ರವನ್ನು ಆತ ನಮಗೆಂದೇ ಅಲ್ಲೇ ಕೈಯಲ್ಲಿ ಬರೆಯಬೇಕು, ಅರಾಮಿಕ್ ಭಾಷೆಯಲ್ಲಿ, 12 ಸಾಲು. ಅಚ್ಚು ಹಾಕಿಸಿದ ಫಾರ್ಮ್ ನಡೆಯುವುದಿಲ್ಲ. ಇಬ್ಬರಿಗೂ ಇರುವ ಎಲ್ಲ ಹೆಸರು, ಅಡ್ಡಹೆಸರು ಕೇಳಿ ಬರೆದುಕೊಳ್ಳುತ್ತಾರೆ. ನಮ್ಮಪ್ಪ ನನ್ನನ್ನು ‘ಪುಟ್ಟಿ’ ಅನ್ನುತ್ತಿದ್ದರು. ರಬ್ಬಿ ಮೂರು ಸಲ ಹೇಳಿಸಿಕೊಂಡರು. ಹೀಬ್ರೂ ಅಕ್ಷರದಲ್ಲಿ ಒತ್ತಕ್ಷರ ಹೇಗೆ ಬರೆಯುವುದು ಅಂತ ಅವರೊಳಗೇ ಚರ್ಚೆಯಾಯಿತು. ನನಗೆ ಅಳು ಬರಬೇಕಾದ ಹೊತ್ತಿಗೆ ನಗು ಬಂತು.

ಆಮೇಲೆ ಉಂಗುರ ತೆಗೆಯಿರಿ ಅಂದರು. ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ನಿಂತೆ. ಅವನು ಮಡಚಿದ ಪತ್ರವನ್ನು ಮೇಲಿಂದ ಬೀಳಿಸಿ, ‘ಇದು ನಿನ್ನ ಗೆಟ್’ ಅನ್ನುವ ಮಾತು ಹೇಳಿದ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲವರೆಗೆ ನಡೆದು ವಾಪಸ್ ಬಂದೆ. ಅವರು ಅದನ್ನು ಇಸಿದುಕೊಂಡು, ಇನ್ನು ಯಾರೂ ಬಳಸದ ಹಾಗೆ ಹರಿದು, ತಮ್ಮ ಹತ್ತಿರವೇ ಇಟ್ಟುಕೊಂಡರು. ನನಗೆ ಸಿಕ್ಕಿದ್ದು ಒಂದು ಸರ್ಟಿಫಿಕೇಟ್. 92 ದಿನ ಕಳೆದ ಮೇಲೆ ಬೇರೆ ಮದುವೆಯಾಗಬಹುದು ಅಂದರು. ಕೆಳಗೆ ಬಂದು ಫಲಾಫೆಲ್ ತಿಂದೆ. ತುಂಬ ಹಸಿವಾಗಿತ್ತು.

ಕಪ್ಪುಕೋಟು

ಎಲ್ಲ ಅಡ್ಡಹೆಸರೂ ಅಂದರೆ, ಇಲ್ಲಿನ ‘ಖಲ್ಲಾ ಮತ್ತು ಚಟ್ನಿಪುಡಿ’ಯೂ ಬರಬೇಕಿತ್ತೇನು?

ಖಲ್ಲಾ ಮತ್ತು ಚಟ್ನಿಪುಡಿ

ಹಾಗಂತ ಹೇಳಿದ್ದರೆ ಇನ್ನೂ ಆರು ತಿಂಗಳು ಎಳೆಯುತ್ತಿದ್ದರು ಸರ್!

ಇನ್ನೊಂದು ಮರೆತೆ. ಊರನ್ನು ಗುರುತಿಸಲು ಅಲ್ಲಿನ ನೀರಿನ ಹೆಸರನ್ನೂ ಬರೆಯುತ್ತಾರೆ. ಯಾವ ನದಿಯ ದಡ, ಯಾವ ಸಮುದ್ರದ ತೀರ ಅಂತ.

ಕುಡ್ಲದ ಸಿಸ್ಟರ್

ನಮ್ಮೂರಾದರೆ ನೇತ್ರಾವತಿ.

ಹೊಳೆಸಾಲು

ಕೊನೆಯ ಅಪ್‌ಡೇಟ್. ನಿನ್ನೆ ಅವಳ ಟೇಬಲ್ ಮೇಲೆ ನನ್ನ ಡಬ್ಬಿ ಇಟ್ಟು, ‘ಅವತ್ತು ಮಕ್ಕಳ ವಿಷಯ ನನಗೆ ಗೊತ್ತಿರಲಿಲ್ಲ’ ಅಂದೆ. ನಮ್ಮ ಮನೆಯ ಪಾತ್ರೆಯಲ್ಲಿ ಮಾಡಿದ್ದು ಅವಳಿಗೆ ಕೋಶರ್, ಅಂದರೆ ಅವರ ಊಟದ ಕಟ್ಟಳೆಗೆ ಸರಿ, ಆಗುವುದಿಲ್ಲ, ಅದಕ್ಕೇ ಬರೀ ದ್ರಾಕ್ಷಿ ತಂದಿದ್ದೆ. ತಿಂದಳು.

ಗೆಟ್ ಇನ್ನೂ ಸಿಕ್ಕಿಲ್ಲ. ಮುಂದಿನ ತಿಂಗಳು ರಬ್ಬಿಗಳು ಮತ್ತೆ ಅವನನ್ನು ಕರೆಸುತ್ತಾರಂತೆ, ಬಂದರೆ ಬಂದ. ನದಿ ವಿಷಯ ಕೇಳಿದೆ. ಅವಳಿಗೆ ಆಶ್ಚರ್ಯ, ಇದೆಲ್ಲ ನಿನಗೆ ಯಾರು ಹೇಳಿದರು ಅಂದಳು. ಕನ್ನಡದವರು ಅಂದೆ. ಪತ್ರ ಬರೆಯುವುದು ನ್ಯೂಯಾರ್ಕಿನಲ್ಲಿ, ಅದಕ್ಕೆ ಹಡ್ಸನ್ ಹೆಸರು ಬರುತ್ತದೆ ಅಂದಳು. ನಾವಿಬ್ಬರೂ ದಿನಾ ಬಸ್ಸಿನಲ್ಲಿ ಅದರ ಮೇಲೆಯೇ ದಾಟುವುದು. ಇವತ್ತು ಬೆಳಿಗ್ಗೆ ಸೇತುವೆ ಬಂದಾಗ ಫೋನ್ ಕೆಳಗಿಟ್ಟು ಕಿಟಕಿ ಕಡೆ ತಿರುಗಿ ಕೂತಳು. ನಾನೂ ನೋಡಿದೆ. ಮಂಜು ಇತ್ತು, ನೀರು ಸರಿಯಾಗಿ ಕಾಣಲಿಲ್ಲ.